ಕ್ಯೂ ೨೧ರ ಕಟ್ಟಿನಲ್ಲಿ ಕೆಂಪು ಚೀಟಿ

ಗಂಟು ಬದಲಾಗಿತ್ತು.

ಸರೋಜ ಪೆಟ್ಟಿಗೆಯ ಮೇಲೆ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಕಾರ್ಡುಗಳ ಕಟ್ಟಿಗೆ ಅವಳು ಹಾಕುವುದು ಜೀರುಗುಣಿಕೆ. ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಈಗ ಅಲ್ಲಿದ್ದದ್ದು ಬಿಗಿದು ಕೂರಿಸಿದ ಗಂಟು. ಉಗುರು ಹಾಕಿ ಬಿಡಿಸಬೇಕಾಯಿತು.

ಕೊಪ್ಪದ ಗುಡ್ಡದ ಆಸ್ಪತ್ರೆಯ ದಾಖಲೆ ಕೋಣೆಗೆ ಒಂದೇ ಬಾಗಿಲು. ಬೀಗದ ಕೈ ಎರಡು: ಒಂದು ಅವಳ ಸೊಂಟದಲ್ಲಿ, ಇನ್ನೊಂದು ಆಫೀಸಿನ ಗೋಡೆಯ ಮೊಳೆಯಲ್ಲಿ. ಬೆಳಗಿನ ಒಂಬತ್ತೂವರೆ. ಹೊರಗೆ ಚೀಟಿ ಮಾಡಿಸುವವರ ಗಲಾಟೆ, ಮಕ್ಕಳ ಅಳು, ಕಂಪೌಂಡರನ ಕೂಗು. ಒಳಗೆ ಮಾತ್ರ ಅವಳ ಎದೆಯ ಸದ್ದು ಅವಳಿಗೇ ಕೇಳುತ್ತಿತ್ತು.

ನಾಲ್ಕು ದಿನದ ಹಿಂದೆ ಕಮ್ಮರಡಿಯಿಂದ ಶಾಂಭವಿ ಎಂಬ ಎಂಟು ತಿಂಗಳ ಬಸುರಿ ಬಂದಿದ್ದಳು. ನೀಲಿಗಟ್ಟಿದ ಉಗುರು, ಎರಡು ಮೆಟ್ಟಿಲಿಗೇ ಏದುಸಿರು. ಹೆರಿಗೆ ವಾರ್ಡಿನ ನರ್ಸ್ ಅನ್ನಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಹಳೆಯ ಕಾಯಿಲೆಯ ಕಾಗದ ಇದೆಯೇ ಎಂದದ್ದೇ ತಡ, "ನಮ್ಮ ಸೊಸೆಗೆ ಯಾವ ಕಾಯಿಲೆಯೂ ಇಲ್ಲ" ಎಂದು ಅತ್ತೆ ಅವಳನ್ನು ಎಬ್ಬಿಸಿಕೊಂಡು ಹೋಗಿದ್ದಳು.

ಅವರು ಹೋಗುವ ಮುಂಚೆ ಅನ್ನಮ್ಮ ಆ ಕೊಳವೆಯನ್ನು ಒಂದು ಗಳಿಗೆ ಸರೋಜಳ ಕಿವಿಗೂ ಕೊಟ್ಟಿದ್ದಳು. ಚಿಕ್ಕಂದಿನಿಂದ ಅಜ್ಜನ ಮಗ್ಗುಲಲ್ಲಿ ಕೂತು ಕಾವ್ಯ ವಾಚನ ಕೇಳಿ ಬೆಳೆದ ಕಿವಿ ಅದು. ಪದ್ಯದಲ್ಲಿ ಒಂದು ಮಾತ್ರೆ ಜಾರಿದರೂ ತಿಳಿಯುತ್ತಿತ್ತು. ಆ ಎದೆಯಲ್ಲಿ ಮೊದಲ ಬಡಿತ ಮೆಲ್ಲಗೆ, ಎರಡನೆಯದು ಯಾರೋ ಸಿಟ್ಟಿನಿಂದ ಬಾಗಿಲು ಬಡಿದ ಹಾಗೆ. ನಾಲ್ಕು ದಿನವಾದರೂ ಆ ಬಾಗಿಲು ಅವಳ ಕಿವಿಯಲ್ಲಿ ಬಡಿಯುತ್ತಲೇ ಇತ್ತು.

"ಹೃದಯದ ಮೇಲಿನ ಎರಡು ಕೋಣೆ ನಡುವೆ ತೂತು ಇರಬೇಕು," ಅಂದಿದ್ದಳು ಅನ್ನಮ್ಮ. "ಹುಟ್ಟುವಾಗಲೇ ಬಂದದ್ದು. ಇಷ್ಟು ವರ್ಷ ಸುಮ್ಮನೆ ಬಿಟ್ಟು ಈಗ ಶ್ವಾಸಕೋಶಕ್ಕೆ ಒತ್ತಡ ಏರಿದೆ. ಹೆರಿಗೆ ನೋವು ಬಂದ ಮೇಲೆ ನಮ್ಮ ಕೈಗೆ ಸಿಕ್ಕರೆ ಅವಳನ್ನು ಉಳಿಸಕ್ಕೆ ಆಗಲ್ಲ ಸರೋಜ. ಮೊದಲೇ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಬರೀ ನನ್ನ ಕಿವಿ ನಂಬಿ ಯಾರು ಕಳಿಸ್ತಾರೆ? ಹಳೇ ರಿಪೋರ್ಟ್ ಒಂದು ಸಿಕ್ಕಿದರೆ ಡಾಕ್ಟರೇ ಅವರ ಮನೆ ಬಾಗಿಲಿಗೆ ಹೋಗ್ತಾರೆ."

ಹೆಸರಿನಿಂದ ಹುಡುಕಿದರೆ ಶಾಂಭವಿ ಎಂಬವಳು ಆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಆದರೆ ದಾಖಲೆ ಕೋಣೆಯಲ್ಲಿ ಕಾಯಿಲೆಯಿಂದ ಹುಡುಕುವ ದಾರಿಯೂ ಒಂದಿತ್ತು. ಲೋಕದ ಕಾಯಿಲೆಗೆಲ್ಲ ಒಂದೊಂದು ಅಕ್ಷರ, ಒಂದೊಂದು ಅಂಕಿ. ರೋಗಿ ಮನೆಗೆ ಹೋದ ಮೇಲೆ ಡಾಕ್ಟರು ಬರೆದದ್ದನ್ನು ಓದಿ ಆ ಕೋಡು ಹಾಕಿ, ಅಂಗೈಯಗಲದ ಕಾರ್ಡೊಂದನ್ನು ಪೆಟ್ಟಿಗೆಗೆ ಸೇರಿಸುವುದು ಸರೋಜಳ ಕೆಲಸ. ಕ್ಯೂ ಅಂದರೆ ತಾಯ ಹೊಟ್ಟೆಯಿಂದಲೇ ತಂದ ದೋಷ. ಇಪ್ಪತ್ತೊಂದು ಅಂದರೆ ಹೃದಯದ ಗೋಡೆಯ ತೂತು. ಅದರ ಮುಂದೆ ಚುಕ್ಕಿ ಸೊನ್ನೆ ಬಂದರೆ ಕೆಳಗಿನ ಕೋಣೆಗಳ ಗೋಡೆ, ಚುಕ್ಕಿ ಒಂದು ಬಂದರೆ ಮೇಲಿನ ಕೋಣೆಗಳ ಗೋಡೆ.

ಕಟ್ಟಿನ ಮೊದಲ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅವಳೇ ಬರೆದಿದ್ದಳು: ಹನ್ನೊಂದು.

ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಹತ್ತೇ.

ಚುಕ್ಕಿ ಒಂದರ ಕಾರ್ಡುಗಳ ನಡುವೆ, ಹನ್ನೊಂದನೆಯದು ಇರಬೇಕಾದಲ್ಲಿ, ಕೆಂಪು ಚೀಟಿಯೊಂದು ನೆಟ್ಟಗೆ ನಿಂತಿತ್ತು.

ಆ ಚೀಟಿಗೆ ಹೊರಚೀಟಿ ಎಂದು ಹೆಸರಿಟ್ಟವರು ಅವಳಿಗೆ ಕೆಲಸ ಕಲಿಸಿದ ಸುಬ್ರಾಯರು. ಕಡತವಾಗಲಿ ಕಾರ್ಡಾಗಲಿ ಹೊರಗೆ ಹೋದರೆ ಅದರ ಜಾಗದಲ್ಲಿ ಅದು ನಿಲ್ಲಬೇಕು. ರೋಗಿಯ ಹೆಸರು, ಪಡೆದವರು, ಎಲ್ಲಿಗೆ, ಮರಳಿಸುವ ದಿನ. "ಜಾಗ ಖಾಲಿ ಬಿಡಬಾರದು ಮಾರಾಯ್ತಿ, ಖಾಲಿ ಜಾಗಕ್ಕೆ ಸುಳ್ಳು ಬಂದು ಕೂರ್ತದೆ," ಅನ್ನುತ್ತಿದ್ದರು. ಮರಳಿಸುವ ದಿನದ ಕಡೆಯಲ್ಲಿ ತಾರೀಖು ಇರಲೇಬೇಕು. ತೀರಿಕೊಂಡವರ ಕಡತ ಹಿಂದಿನ ಕಪಾಟಿಗೆ ಹೋಗುವಾಗ ಮಾತ್ರ ಅಲ್ಲಿ ಒಂದು ಅಡ್ಡ ಗೆರೆ. ಇನ್ನು ಬರುವುದಿಲ್ಲ ಎಂದು.

ಇದರಲ್ಲಿ ಗೆರೆಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಬರೀ ಕೆಂಪು. ಮೇಲಿನ ಬಲ ಮೂಲೆ ಮಾತ್ರ ಪುಟ್ಟದಾಗಿ ಮಡಚಿತ್ತು.

ಬಾಗಿಲಿನ ಬೆಳಕು ತಟ್ಟನೆ ಕಂದಿತು.

"ಎಂತ ಸರೋಜಕ್ಕ, ದೆವ್ವ ಕಂಡಂಗೆ ನಿಂತಿದೀರಿ?"

ಚೀಟಿ ಕೈಜಾರಿ ನೆಲಕ್ಕೆ ಬಿತ್ತು. ಆಸ್ಪತ್ರೆಯ ಜೀಪು ಓಡಿಸುವ ರೇಣುಕಪ್ಪ ಬಾಗಿಲಲ್ಲಿ ನಿಂತು ಹಲ್ಲು ಬಿಡುತ್ತಿದ್ದ. ಖಾಕಿ ಅಂಗಿ, ಕಿವಿಯ ಮೇಲೆ ಬೀಡಿ.

"ನೀನಾ? ಸದ್ದು ಮಾಡಿಕೊಂಡು ಬರಬಾರದಾ?"

"ಜೀಪಿಗೆ ಹಾರ್ನ್ ಉಂಟು, ನನಗೆಲ್ಲಿ?" ಬಗ್ಗಿ ಚೀಟಿ ಎತ್ತಿಕೊಟ್ಟ. "ತಗಳಿ ನಿಮ್ಮ ಹೊರಚೀಟಿ. ಅಯ್ಯೋ, ಎಡಗೈಯಲ್ಲಿ ಕೊಟ್ಟೆ, ಬೇಜಾರು ಮಾಡ್ಕಬೇಡಿ. ನಮ್ಮವ್ವ ಹೊಡೆದೂ ಹೊಡೆದೂ ಸುಸ್ತಾದಳು, ಈ ಕೈ ಬುದ್ಧಿ ಕಲೀಲಿಲ್ಲ."

"ಎಲ್ಲಿಗೆ ಹೊರಟೆ?"

"ಎನ್.ಆರ್.ಪುರದ ಕಡೆಗೆ. ಲಸಿಕೆ ಪೆಟ್ಟಿಗೆ ತರಬೇಕು. ನಿಮಗೆಂತಾದ್ರೂ ಬೇಕಿತ್ತಾ ಆ ಕಡೆಯಿಂದ?"

"ಎಂತ ಬೇಡ."

ಅವನ ಕಣ್ಣು ತೆರೆದ ಪೆಟ್ಟಿಗೆಯ ಮೇಲೆ ಒಂದು ಕ್ಷಣ ನಿಂತು, ಮೆಲ್ಲಗೆ ಅವಳ ಮುಖಕ್ಕೆ ಬಂತು. ಆಮೇಲೆ ಸಿಳ್ಳೆ ಹಾಕುತ್ತ ಹೋದ. ಜೀಪಿನ ಸದ್ದು ಗುಡ್ಡ ಇಳಿಯುವವರೆಗೆ ಸರೋಜ ಅಲ್ಲಾಡಲಿಲ್ಲ.

ಕಳ್ಳನಿಗೆ ಗೊತ್ತಿಲ್ಲದ್ದು ಒಂದಿತ್ತು.

ಸುಬ್ರಾಯರ ಕಾಲದಲ್ಲಿ ಒಬ್ಬ ರೋಗಿಗೆ ಒಂದೇ ಕಾರ್ಡು; ಮುಖ್ಯ ಕಾಯಿಲೆಗೆ ಮಾತ್ರ. ಅವರು ನಿವೃತ್ತರಾದದ್ದು ೨೦೦೨ರ ಮಾರ್ಚಿನಲ್ಲಿ. ಆಮೇಲೆ ಸರೋಜ ಒಬ್ಬಳೇ ಕೂತಾಗ, ಹೃದಯದ ತೂತಿನಿಂದ ಶ್ವಾಸಕೋಶವೂ ಕೆಟ್ಟಿದ್ದರೆ ಅದಕ್ಕೊಂದು ಬೇರೆ ಕಾರ್ಡು ಬರೆದು ಐ ಅಕ್ಷರದ ಪೆಟ್ಟಿಗೆಯಲ್ಲಿ ಇಡತೊಡಗಿದ್ದಳು. ಯಾರೂ ಹೇಳಿರಲಿಲ್ಲ. ಎರಡು ನೋವಿಗೆ ಒಂದೇ ಹೆಸರು ಹಾಕಿದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಐ ಇಪ್ಪತ್ತೇಳರ ಕಟ್ಟು, ಶ್ವಾಸಕೋಶದ ಒತ್ತಡದ್ದು. ಅವಳದೇ ಜೀರುಗುಣಿಕೆ. ಎಳೆದಳು, ಬಿಚ್ಚಿಕೊಂಡಿತು. ಆರನೆಯ ಕಾರ್ಡಿನಲ್ಲಿ ಅವಳದೇ ದುಂಡು ಅಕ್ಷರ:

ಅರ್ಪಣಾ. ಹತ್ತೊಂಬತ್ತು ವರ್ಷ. ತಾಯಿ ವೆಂಕಮ್ಮ, ಕಡಹಿನಬೈಲು, ಎನ್.ಆರ್.ಪುರ ತಾಲೂಕು. ಆಗಸ್ಟ್ ೨೦೦೨. ಜೊತೆಗಿನ ಕೋಡು: ಕ್ಯೂ ೨೧.೧.

ಈಗ ೨೦೦೬. ಹತ್ತೊಂಬತ್ತಕ್ಕೆ ನಾಲ್ಕು ಸೇರಿಸಿದರೆ ಇಪ್ಪತ್ತಮೂರು. ಕಮ್ಮರಡಿಯ ಶಾಂಭವಿಯ ವಯಸ್ಸು ಅದೇ. ಹೆಸರು ಮಾತ್ರ ಬೇರೆ.

ಕಾರ್ಡಿನಲ್ಲಿದ್ದ ನಂಬರು ಹಿಡಿದು ಕಡತದ ಕಪಾಟಿಗೆ ಓಡಿದಳು. ರಿಪೋರ್ಟು, ಡಾಕ್ಟರ ಮಾತು, ಎಲ್ಲ ಇರುವುದು ಆ ಕಡತದಲ್ಲಿ. ಕಡತ ಇರಲಿಲ್ಲ. ಅಲ್ಲಿಯೂ ಕೆಂಪು ಚೀಟಿ, ಮೂಲೆ ಮಡಚಿದ್ದು. ಆದರೆ ಇದು ಖಾಲಿಯಿರಲಿಲ್ಲ.

ಪಡೆದವರು: ಸರೋಜ.

ಮರಳಿಸುವ ದಿನ: ಇವತ್ತಿನ ತಾರೀಖು.

ಅವಳ ಅಕ್ಷರವಲ್ಲ. ಅವಳು ಆ ಕಡತವನ್ನು ಮುಟ್ಟಿ ನಾಲ್ಕು ವರ್ಷವಾಗಿತ್ತು. ಬೆನ್ನಿನ ಗುಂಟ ಬೆವರ ಹನಿಯೊಂದು ಹುಳುವಿನಂತೆ ಇಳಿಯಿತು. ಯಾರೋ ಅವಳ ಹೆಸರನ್ನು ತೊಟ್ಟುಕೊಂಡು ಈ ಕೋಣೆಯಲ್ಲಿ ಓಡಾಡಿದ್ದರು.

ಮೂಲೆ ಮಡಚುವವರು ಲೋಕದಲ್ಲಿ ಒಬ್ಬರೇ, ಸುಬ್ರಾಯರು. ಹೋದ ಶುಕ್ರವಾರ ಅವರು ಶೃಂಗೇರಿಯಿಂದ ಪ್ರಸಾದ ಹಿಡಿದು ಇಲ್ಲಿಗೆ ಬಂದಿದ್ದರು. ಸರೋಜ ಅವರಿಗಾಗಿ ಕಾಫಿ ತರಲು ಕ್ಯಾಂಟೀನಿಗೆ ಹೋಗಿದ್ದಳು. ಹತ್ತು ನಿಮಿಷ.

ಅನ್ನಮ್ಮನಿಗೆ ವಿಷಯ ಹೇಳಿದಾಗ ಅವಳು ಕುತ್ತಿಗೆಯ ಶಿಲುಬೆಯನ್ನು ಬೆರಳಲ್ಲಿ ಹಿಡಿದುಕೊಂಡಳು. "ಒಬ್ಬಳೇ ಹೋಗ್ತೀಯಾ?"

"ಗುರುಗಳ ಹತ್ತಿರ ಹೋಗಕ್ಕೆ ಜೊತೆ ಬೇಕಾ?" ಅಂದಳು ಸರೋಜ. ಎರಡು ಚೀಟಿಯನ್ನೂ ಕೈಚೀಲಕ್ಕೆ ಹಾಕಿಕೊಂಡಳು.

*

ಬಸ್ಸು ಹರಿಹರಪುರ ದಾಟುವವರೆಗೆ ಅವಳು ಎರಡು ಚೀಟಿಗಳಿದ್ದ ಕೈಚೀಲವನ್ನು ಎದೆಗವಚಿ ಕೂತಿದ್ದಳು. ಯಾರಾದರೂ ಪಕ್ಕಕ್ಕೆ ವಾಲಿದರೆ ಬೆಚ್ಚಿಬೀಳುತ್ತಿದ್ದಳು. ಕಂಡಕ್ಟರ್ ಟಿಕೆಟಿಗೆ ಎರಡು ಸಲ ಕೂಗಿ, ಮೂರನೆಯ ಸಲ "ಅಕ್ಕೋರೆ, ಕಣ್ಣು ಬಿಟ್ಟುಕೊಂಡೇ ನಿದ್ದೆಯಾ?" ಎಂದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಅವಳಿಗೆ ನಗು ಬರಲಿಲ್ಲ. ಅಷ್ಟೊಂದು ದೇವರ ಹೆಸರು ಬರುವ ಬಾಯಿ ಅವತ್ತು ಒಂದೇ ಹೆಸರನ್ನು ಹೇಳಿಕೊಳ್ಳುತ್ತಿತ್ತು: ಅರ್ಪಣಾ, ಅರ್ಪಣಾ.

ಶೃಂಗೇರಿಯಲ್ಲಿ ಸುಬ್ರಾಯರು ಯಾತ್ರಿಕರ ವಸತಿಗೃಹವೊಂದರ ಮೇಲ್ವಿಚಾರಕರು. ಮಧ್ಯಾಹ್ನದ ಊಟವಾದ ಮೇಲೆ ಜಗುಲಿಯಲ್ಲಿ ಕೂತು ಬಂದವರಿಗೆ ಕಾವ್ಯ ಓದುವುದು ಅವರ ರೂಢಿ. ಅವತ್ತೂ ಐದಾರು ಜನ ಮುದುಕಿಯರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರವತ್ತು ದಾಟಿದ ಆ ಗಂಟಲಿನಲ್ಲಿ ಇನ್ನೂ ಕಂಚಿನ ನಾದವಿತ್ತು. ವನವಾಸಕ್ಕೆ ಹೊರಟ ಮಗಳನ್ನು ತಾಯಿ ಬೀಳ್ಕೊಡುವ ಪ್ರಸಂಗ. ಒಂದು ಸಾಲನ್ನು ಎತ್ತಿ, ಹೊರಳಿಸಿ, ಇಳಿಸುತ್ತಿದ್ದವರ ಕಣ್ಣಿಗೆ ಮೆಟ್ಟಿಲ ಬಳಿ ನಿಂತ ಸರೋಜ ಬಿದ್ದಳು.

ಉಸಿರು ತಪ್ಪಿತು. ಸಾಲಿನ ನಡುವೆ, ಯಾರೂ ನಿಲ್ಲಿಸಬಾರದ ಕಡೆ.

ಮುದುಕಿಯರಿಗೆ ತಿಳಿಯಲಿಲ್ಲ. ಸರೋಜಳಿಗೆ ತಿಳಿಯಿತು. ದಾರಿಯುದ್ದಕ್ಕೂ ಅವಳು ತಾನು ತಪ್ಪು ತಿಳಿದಿರಲಿ ಎಂದು ಬೇಡಿಕೊಂಡಿದ್ದಳು. ಆ ಬೇಡಿಕೆ ಅಲ್ಲಿಗೇ ಮುಗಿಯಿತು.

ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ಅವರು ಒಳಗಿನ ಆಫೀಸಿಗೆ ನಡೆದರು. ಅವಳು ಹಿಂಬಾಲಿಸಿದಳು.

"ಎಂತ ಮಾರಾಯ್ತಿ, ಹೇಳದೆ ಕೇಳದೆ? ಊಟ ಆಯ್ತಾ? ಮಠದಲ್ಲಿ ಇನ್ನೂ ಬಡಿಸ್ತಿದಾರೆ, ಹೋಗು."

"ಊಟಕ್ಕೆ ಬಂದಿದ್ದಲ್ಲ ರಾಯರೇ."

"ಮತ್ತೆಂತಕ್ಕೆ?"

ಸರೋಜ ಖಾಲಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

"ಹೆಸರಿಲ್ಲ, ಸಹಿ ಇಲ್ಲ. ನನಗೆ ಎಂತಕ್ಕೆ ತೋರಿಸ್ತಿ?"

"ಕಳ್ಳ ಆದವ ಜಾಗ ಖಾಲಿ ಮಾಡಿ ಹೋಗ್ತಾನೆ. ಕದ್ದ ಮೇಲೂ ಖಾಲಿ ಬಿಡಕ್ಕೆ ಮನಸ್ಸು ಬರದೆ ಚೀಟಿ ಇಟ್ಟು, ಮೂಲೆ ಮಡಚಿ ಹೋಗೋರು ನೀವೊಬ್ಬರೇ."

ಸುಬ್ರಾಯರು ನಕ್ಕರು. ನಗು ಅರ್ಧ ದಾರಿಯಲ್ಲೇ ಸತ್ತಿತು. ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ಮೂವತ್ತಾರು ವರ್ಷ ಸವೆಸಿದ ಕೈ. ನಾನು ಬೇಡ ಅಂದರೂ ಅದು ಮಾಡ್ತದೆ."

"ಕಾರ್ಡು ಎಲ್ಲಿ?"

"ಸ್ನಾನಘಟ್ಟದಲ್ಲಿ ಹರಿದು ತುಂಗೆಗೆ ಬಿಟ್ಟೆ. ಮೀನುಗಳು ಪುರಿ ಅಂತ ಓಡಿ ಬಂದ್ವು. ಮೂಸಿ ನೋಡಿ ಹೋದ್ವು. ಅವಕ್ಕೂ ಬೇಡವಾಯ್ತು."

"ಅರ್ಪಣಾ ನಿಮಗೆ ಎಂತ ಆಗಬೇಕು?"

ಆ ಹೆಸರು ಕೇಳಿದ್ದೇ ಅವರು ಕುರ್ಚಿಯ ಕೈ ಹಿಡಿದುಕೊಂಡರು. "ಅದು ನಿನಗೆ ಎಲ್ಲಿ ಸಿಕ್ತು? ಇದ್ದದ್ದು ಒಂದೇ ಕಾರ್ಡು!"

"ನಿಮ್ಮ ಕಾಲದಲ್ಲಿ ಒಂದು. ನಾನು ಎರಡು ಬರೀತೀನಿ."

ಹೊರಗೆ ಮುದುಕಿಯೊಬ್ಬಳು, "ಭಟ್ರೇ, ಆ ತಾಯಿ ಮುಂದೆ ಎಂತ ಮಾಡಿದ್ಲು ಹೇಳಿ ಹೋಗಿ!" ಎಂದು ಕೂಗಿದಳು.

"ಬತ್ತೆ, ಬತ್ತೆ," ಎಂದರು ಸುಬ್ರಾಯರು, ಎದ್ದೇಳದೆ. ಆಮೇಲೆ ಸ್ವರ ತಗ್ಗಿಸಿದರು. "ನನ್ನ ತಂಗಿ ವೆಂಕಮ್ಮನ ಮಗಳು. ನಾನು ಸೋದರಮಾವ. ಸಂಬಂಧ ಕುದುರಿಸಿದ್ದೂ ನಾನೇ. ಕಮ್ಮರಡಿಯವರ ಮನೆಯಲ್ಲಿ ಒಂದು ಪದ್ಧತಿ ಉಂಟು. ಮದುವೆ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡು ಉಂಗುರದಲ್ಲಿ ಹೆಣ್ಣಿಗೆ ಹೊಸ ಹೆಸರು ಬರೀತಾನೆ. ಅವ ಶಾಂಭವಿ ಅಂತ ಬರೆದ. ಅವತ್ತಿಂದ ಅರ್ಪಣಾ ಅನ್ನೋಳು ಇಲ್ಲ. ನಂಗೆ ಎಷ್ಟು ಹಗುರ ಆಯ್ತು ಗೊತ್ತಾ? ಕಾಯಿಲೆ ಎಲ್ಲ ಹಳೇ ಹೆಸರಿನ ಜೊತೆ ಕಪಾಟಿನಲ್ಲಿ ಉಳೀತು ಅಂದುಕೊಂಡೆ."

"ಡಾಕ್ಟರು ಆಗ ಎಂತ ಹೇಳಿದ್ರು?"

"ಎಂತ ಹೇಳ್ತಾರೆ?"

"ರಾಯರೇ, ನಂಗೆ ಹೊತ್ತಿಲ್ಲ. ಅವಳಿಗೂ ಇಲ್ಲ."

"ಬಸುರಿ ಆಗಬಾರದು ಅಂದಿದ್ರು." ಮುದುಕರು ಕಿಟಕಿಯತ್ತ ತಿರುಗಿದರು. "ಕೂಸಿಗೆ, ಅರ್ಪಣಾಗೆ, ನಾವು ಹೇಳಲೇ ಇಲ್ಲ. ರಕ್ತ ಕಮ್ಮಿ, ಸೊಪ್ಪು ತಿನ್ನು ಅಂದ್ವಿ. ತೂತಿರೋ ಹುಡುಗಿ ಅಂದರೆ ಯಾರು ಬರ್ತಿದ್ರು ಹೇಳು? ಹೋದ ವಾರ ನಿಮ್ಮ ನರ್ಸಮ್ಮ ಹಳೇ ಕಾಗದ ಕೇಳಿದಳು ಅಂತ ತಂಗಿ ಫೋನ್ ಮಾಡಿದಳು. ಅದಕ್ಕೇ ಪ್ರಸಾದ ಹಿಡಕೊಂಡು ಓಡಿ ಬಂದೆ. ಬೀಗರಿಗೆ ಗೊತ್ತಾದರೆ ಹೆತ್ತ ಮೇಲೂ ಅವಳನ್ನ ತವರಿಗೇ ಬಿಡ್ತಾರೆ."

"ಹೆತ್ತ ಮೇಲೆ?" ಸರೋಜಳಿಗೆ ತನ್ನ ಸ್ವರ ತನಗೇ ಗುರುತು ಸಿಗಲಿಲ್ಲ. "ಊರಲ್ಲಿ ಯಾರಿಗೂ ಆ ಕೋಡು ಓದಕ್ಕೆ ಬರಲ್ಲ. ನಿಮಗೆ ಬರ್ತಿತ್ತು. ನನಗೆ ಕಲಿಸಿದ್ದೇ ನೀವು. ಹೆತ್ತ ಮೇಲೆ ಅವಳು ಇರ್ತಾಳೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ?"

ಸುಬ್ರಾಯರು ಮುಖ ಮುಚ್ಚಿಕೊಂಡರು. ಇದೇ ಕೈಯಿಂದ ಅವರು ಅವಳಿಗೆ ಮೊದಲ ಕೋಡು ಬರೆಸಿದ್ದರು. ತಾನು ಕಾಲಿಗೆ ಬೀಳುತ್ತಿದ್ದ ಮನುಷ್ಯನ ಎದುರು ಹೀಗೆ ನಿಲ್ಲಬೇಕಾಯಿತಲ್ಲ ಎಂದು ಅವಳ ಕಣ್ಣು ತುಂಬಿತು. ಆದರೆ ಅಳುವುದಕ್ಕೆ ಅದು ಹೊತ್ತಲ್ಲ.

"ಕಡತ ಕೊಡಿ. ಇವತ್ತೇ ಡಾಕ್ಟರಿಗೆ ತೋರಿಸ್ತೀನಿ. ನಿಮ್ಮ ಹೆಸರು ಎತ್ತಲ್ಲ, ದೇವರಾಣೆ."

"ಕಡತವಾ?" ಅವರು ಕೈ ಇಳಿಸಿದರು. "ಕಡತ ನಾನು ಮುಟ್ಟಲಿಲ್ಲ."

"ಸುಳ್ಳು ಬೇಡ. ನನ್ನ ಹೆಸರು ಯಾಕೆ ಬರೆದಿರಿ?"

"ಹುಚ್ಚಾ ನಿಂಗೆ? ನಾನು ಹೋದಾಗಲೇ ಅಲ್ಲಿ ನಿನ್ನ ಹೆಸರಿನ ಚೀಟಿ ನಿಂತಿತ್ತು. ನೀನೇ ತೆಗೆದು ಡಾಕ್ಟರಿಗೆ ಕೊಟ್ಟಿದ್ದೀಯ ಅಂತ ನನ್ನ ಕೈಕಾಲು ತಣ್ಣಗಾಯ್ತು. ಮೂರು ದಿನದಿಂದ ನೀನು ಬರ್ತೀಯ ಅಂತಲೇ ಕಾಯ್ತಿದೀನಿ."

ಸರೋಜ ಎರಡನೆಯ ಚೀಟಿಯನ್ನು ತೆಗೆದು ಮೊದಲನೆಯದರ ಪಕ್ಕ ಇಟ್ಟಳು. "ಮೂಲೆ ನೋಡಿ. ನಿಮ್ಮದೇ ಮಡಿಕೆ."

ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಮೊದಲ ಸಲ ಆ ಮುಖದಲ್ಲಿ ನಾಚಿಕೆ ಹೋಗಿ ಬೇರೇನೋ ಬಂತು. ಅವಳ ಮುಖದಲ್ಲಿದ್ದದ್ದೇ, ಭಯ.

"ನಂದು ಬಲ ಮೂಲೆ," ಎಂದರು ಮೆಲ್ಲಗೆ. "ಬಲಗೈ ಹೆಬ್ಬೆಟ್ಟು ಒತ್ತಿದ್ದು. ಇದು ಎಡ ಮೂಲೆ ಸರೋಜ."

ಅವಳು ನೋಡಿದಳು. ಬೆಳಗಿನಿಂದ ಕೈಯಲ್ಲೇ ಇದ್ದದ್ದು. ಹೆದರಿದ ಕಣ್ಣಿಗೆ ಮಡಿಕೆ ಕಂಡಿತ್ತು, ಮಗ್ಗುಲು ಕಂಡಿರಲಿಲ್ಲ.

"ನೀವು ಮತ್ತೆ ಯಾರಿಗೆ ಈ ಕೆಲಸ ಕಲಿಸಿದ್ರಿ?"

"ನಿನಗಿಂತ ಮುಂಚೆ ಒಬ್ಬ ಇದ್ದ. ಆರು ತಿಂಗಳು ನನ್ನ ಕೈ ಕೆಳಗಿದ್ದ. ಚುರುಕು. ಕೋಡೆಲ್ಲ ಬಾಯಿಪಾಠ. ಎಡಚ, ಅದಕ್ಕೇ ಮೂಲೆ ಆ ಕಡೆ ಮಡಚುತ್ತಿದ್ದ. ಕಡತದಿಂದ ಒಂದು ಹಾಳೆ ಕಾಣೆಯಾಯ್ತು ಅಂತ ಗಲಾಟೆ ಆಗಿ ನಾನೇ ಹೊರಗೆ ಹಾಕಿಸಿದೆ. ಆಮೇಲೆ ಹ್ಯಾಗೋ ಡ್ರೈವರ್ ಆಗಿ ಸೇರಿಕೊಂಡ. ನಮ್ಮ ಮನೆ ಸಂಗತಿ ಎಲ್ಲ ಗೊತ್ತಿದ್ದವ, ನನ್ನ ಮೇಲಿನ ಸಿಟ್ಟು ಇನ್ನೂ ಬಿಟ್ಟಿಲ್ಲ. ಅವ ನಿಂಗೆ ಹೇಳಿರಬೇಕಲ್ಲ?"

ತಗಳಿ ನಿಮ್ಮ ಹೊರಚೀಟಿ.

ಆಸ್ಪತ್ರೆಯಲ್ಲಿ ಉಳಿದ ಎಲ್ಲರಿಗೂ ಅದು ಬರೀ ಕೆಂಪು ಕಾಗದ. ಆ ಹೆಸರು ಹೊರಗಿನವರ ಬಾಯಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ. ಐದು ವರ್ಷ ರೇಣುಕಪ್ಪ ಬಾಗಿಲಲ್ಲಿ ನಿಂತು ತಮಾಷೆ ಮಾಡಿಕೊಂಡು ಹೋಗಿದ್ದ. ಒಳಗಿನ ಕೆಲಸ ನನಗೂ ಬರುತ್ತದೆ ಎಂದು ಒಂದು ದಿನವೂ ಅಂದಿರಲಿಲ್ಲ.

"ರಾಯರೇ," ಅಂದಳು ಅವಳು, "ಅರ್ಪಣಾ ಈಗ ಎಲ್ಲಿದಾಳೆ? ಕಮ್ಮರಡಿಯಲ್ಲಾ?"

"ಇಲ್ಲ. ಚೊಚ್ಚಲ ಹೆರಿಗೆ ಅಲ್ವಾ? ಮೊನ್ನೆ ತವರಿಗೆ ಕರ್ಕೊಂಡು ಬಂದರು. ಕಡಹಿನಬೈಲಲ್ಲೇ ಇದಾಳೆ."

ಎನ್.ಆರ್.ಪುರದ ಕಡೆಗೆ. ನಿಮಗೆಂತಾದ್ರೂ ಬೇಕಿತ್ತಾ ಆ ಕಡೆಯಿಂದ?

"ಫೋನ್ ಮಾಡಿ."

"ಎಂತಕ್ಕೆ? ಎಂತ ಆಯ್ತು?"

"ಮಾಡಿ ರಾಯರೇ, ಕೈ ಮುಗೀತೀನಿ!"

ಸುಬ್ರಾಯರ ಬೆರಳು ನಂಬರಿನ ಮೇಲೆ ಎರಡು ಸಲ ತಪ್ಪಿತು. ಮೂರನೆಯ ಸಲ ಗಂಟೆ ಹೋಯಿತು. ಒಂದು, ಎರಡು, ಐದು, ಎಂಟು. ಸರೋಜ ರಿಸೀವರಿನ ಇನ್ನೊಂದು ಮಗ್ಗುಲಿಗೆ ಕಿವಿ ಒತ್ತಿ ಹಿಡಿದಳು. ಅತ್ತ ಯಾರೋ ಎತ್ತಿದರು. ಏದುಸಿರು, ಬಳೆಯ ಸದ್ದು.

"ವೆಂಕಮ್ಮನಾ? ಕೂಸು ಎಲ್ಲಿದ್ದು?"

"ಅಣ್ಣಯ್ಯನಾ! ನಾನೇ ಫೋನ್ ಮಾಡವು ಹೇಳಿ ಇದ್ದಿದ್ದಿ." ತಂಗಿಯ ಸ್ವರದಲ್ಲಿ ಸಮಾಧಾನವಿತ್ತು. "ಕೂಸು ಹೋತಲಾ, ಆಸ್ಪತ್ರೆಗೆ. ಜೀಪನ್ನೇ ಕಳಿಸಿದ್ವು ಅವು. ಎಷ್ಟು ಒಳ್ಳೆಯವು ನೋಡು."

"ಯಾರು ಕಳಿಸಿದ್ದು?"

"ಸರೋಜಮ್ಮ ಹೇಳಿ ಒಬ್ಬವು ಇದ್ವಡ. ಜೀಪಿನವ ಅವರ ಹೆಸರನ್ನೇ ಹೇಳ್ದ. ಹಳೇ ಕಡತವೂ ಅವನ ಕೈಲಿ ಇತ್ತು, ಅದಕ್ಕೇ ನಂಬಿದಿ. ಅಂಗಳದಲ್ಲಿ ನಿಂತು ಅರ್ಪಣಾ ಹೇಳೇ ಕರೆದ. ಎಷ್ಟು ದಿನ ಆಗಿತ್ತು ಆ ಹೆಸರು ಕೇಳದ್ದೆ, ಕೂಸು ನಗಾಡ್ಕೋತ ಜೀಪು ಹತ್ತಿತು."

ಸುಬ್ರಾಯರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದರು. ಸರೋಜ ಅವರ ತೋಳು ಹಿಡಿದುಕೊಂಡಳು.

"ನೀನು ಜೊತಿಗೆ ಹೋಗಲಿಲ್ಯಾ?"

"ಹಿಂದೆ ಪೆಟ್ಟಿಗೆ ಇದ್ದು, ಜಾಗ ಇಲ್ಲೆ ಹೇಳ್ದ. ಗಾಬರಿ ಮಾಡಡಿ ಹೇಳಿ ಒಂದು ಕೆಂಪು ಚೀಟಿನೂ ಕೊಟ್ಟಿಕ್ಕೆ ಹೋಯ್ದ, ರಶೀದಿ ಅಡ. ದೇವರ ಮುಂದೆ ಇಟ್ಟಿದ್ದಿ."

ಸುಬ್ರಾಯರು ಸರೋಜಳ ಮುಖ ನೋಡಿದರು. ಸರೋಜ ಅವರ ಮುಖ ನೋಡಿದಳು.

"ತಂಗೀ," ಎಂದರು ಅವರು. ಆ ಕಂಚಿನ ಗಂಟಲಿನಲ್ಲಿ ಈಗ ಬರೀ ಗಾಳಿ. "ಆ ಚೀಟಿ ತಂದು ಓದು. ಎಂತ ಬರದ್ದ ಎಲ್ಲ ಓದು."

ಹೆಜ್ಜೆಗಳು ದೂರ ಹೋದವು. ಎಲ್ಲೋ ಒಂದು ಕರು ಕೂಗಿತು. ಹೆಜ್ಜೆಗಳು ಮರಳಿ ಬಂದವು. ವೆಂಕಮ್ಮ ಒಂದೊಂದೇ ಅಕ್ಷರ ಕೂಡಿಸಿ, ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದತೊಡಗಿದಳು.

"ರೋಗಿಯ ಹೆಸರು... ಅರ್ಪಣಾ. ಪಡೆದವರು... ಸರೋಜ. ಎಲ್ಲಿಗೆ... ಇಲ್ಲಿ ಎಂತದೂ ಬರದ್ದಿಲ್ಲೆ. ಮರಳಿಸುವ ದಿನ..."

ಅವಳು ಓದು ನಿಲ್ಲಿಸಿದಳು.

"ಓದು!"

"ಓದಲೆ ಎಂತ ಇದ್ದು ಅಣ್ಣಯ್ಯ? ತಾರೀಖೇ ಹಾಕಿದ್ದಿಲ್ಲೆ. ಒಂದು ಅಡ್ಡ ಗೆರೆ ಎಳೆದಿಕ್ಕೆ ಹೋಯ್ದ, ಅಷ್ಟೇಯ."